ಉತ್ತರ ಮಗುವೇ ಹೇಳಲಿ

ಕಳೆದ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂದು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಬರೆಯುವ ಹುಡುಗಿ ಮಗಳ ಮುಖ ನೋಡಿ ನಗುತ್ತಾ, ‘ಮೋಳೆ, ಪೇರೆಂದಾ?’ ಎಂದು ಕೇಳಿದಳು. ಎರಡನೇ ತರಗತಿಯ ಮಗಳಿಗೆ ಅಷ್ಟು ಮಲಯಾಳ ಅರ್ಥವಾಗದೆ ಇರುವುದಿಲ್ಲ. ಬಸ್ಸಿನಲ್ಲಿ, ಪಕ್ಕದ ಮನೆಯಲ್ಲಿ ದಿನಾ ಕಿವಿಗೆ ಬೀಳುವ ಮಾತೇ ಅದು. ಆದರೆ ಅವಳು ಬಾಯಿ ತೆರೆಯುವ ಮೊದಲೇ ನಾನು ಹೆಸರು ಹೇಳಿಬಿಟ್ಟೆ. ಸಾಲದ್ದಕ್ಕೆ, ‘ಅವಳಿಗೆ ಮಲಯಾಳ ಬರುವುದಿಲ್ಲ, ಕನ್ನಡ ಮೀಡಿಯಂ’ ಎಂದೂ ಸೇರಿಸಿದೆ. ಮಗಳು ನನ್ನ ಬೆನ್ನ ಹಿಂದೆ ಸರಿದಳು. ಆಮೇಲೆ ಒಳಗೆ ಡಾಕ್ಟರು ಕನ್ನಡದಲ್ಲಿಯೇ ‘ಎಲ್ಲಿ ನೋವು ಪುಟ್ಟಿ?’ ಎಂದು ಕೇಳಿದಾಗಲೂ ಉತ್ತರ ಹೇಳದೆ ನನ್ನ ಮುಖ ನೋಡಿದಳು.

ಮಂಜೇಶ್ವರ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಬೇರೆ ಅಮ್ಮಂದಿರು ಹೀಗೆ ಮಾಡಿದರೆ ನನಗೆ ತಟ್ಟನೆ ಗೊತ್ತಾಗುತ್ತದೆ. ನನ್ನದೇ ತಪ್ಪು ತಿಳಿಯಲು ಮಗಳ ಆ ನೋಟ ಬೇಕಾಯಿತು. ಹಾಗಾಗಿ ಇದು ಪೋಷಕರಿಗೆ ಟೀಚರ್ ಹೇಳುವ ಬುದ್ಧಿವಾದವಲ್ಲ. ನಾವೆಲ್ಲ ಸೇರಿ ಯೋಚಿಸಬೇಕಾದ ವಿಷಯ.

ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ‘ಟೀಚರ್, ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾನೆ, ಹೊರಗೆ ಹೋದರೆ ಬಾಯಿಯೇ ಇಲ್ಲ. ಹೊಸಬರನ್ನು ಕಂಡರೆ ಹೆದರಿಕೆ, ಹೊಸ ಆಟಕ್ಕೆ ಹೆದರಿಕೆ, ವೇದಿಕೆ ಹತ್ತಲು ಹೆದರಿಕೆ.’ ಇದರ ಬಾಲದಲ್ಲೇ ಇನ್ನೊಂದು ಮಾತು: ‘ಕನ್ನಡ ಮೀಡಿಯಂಗೆ ಹಾಕಿದ್ದಕ್ಕೇ ಹೀಗಾಯಿತೋ ಏನೋ. ಇಂಗ್ಲಿಷ್ ಶಾಲೆಗೆ ಹೋಗುವ ಪಕ್ಕದ ಮನೆಯವನು ನೋಡಿ, ಎಷ್ಟು ಧೈರ್ಯ!’ ಮಗುವಿನ ಹೆದರಿಕೆಯೇ ನೆಪವಾಗಿ ಮುಂದಿನ ಜೂನ್‌ನಲ್ಲಿ ವರ್ಗಾವಣೆ ಪತ್ರ ಕೇಳಲು ಬಂದವರನ್ನೂ ನೋಡಿದ್ದೇನೆ.

ಹೊಸದಕ್ಕೆ ಹೆದರುವುದಕ್ಕೂ ಮಾಧ್ಯಮಕ್ಕೂ ಇಂಥ ನೇರ ಸಂಬಂಧವಿಲ್ಲ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಿಂದ ನ್ಯೂಯಾರ್ಕ್‌ನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಹಸುಗೂಸಿನಿಂದ ಹಿಡಿದು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ಹೊಸ ಊಟ, ಹೊಸ ಮುಖ, ಹೊಸ ಜಾಗ ಎಂದರೆ ಮೊದಲು ಹಿಂದೆ ಸರಿಯುವವರು, ಬಿಟ್ಟುಕೊಟ್ಟರೆ ಮೆಲ್ಲಗೆ ಹೊಂದಿಕೊಳ್ಳುವವರು. ಇಂಗ್ಲಿಷೇ ಮನೆಮಾತಾದ ಊರಿನಲ್ಲೂ ಇಂಥ ಮಕ್ಕಳಿದ್ದರು. ಇದು ಕಾಯಿಲೆಯಲ್ಲ, ಮಗು ಹುಟ್ಟುತ್ತಾ ತಂದ ಗುಣ. ಒಲೆ ಹಚ್ಚಿದ ಕೂಡಲೇ ಕುದಿಯುವ ನೀರಿಲ್ಲ. ಕೆಲವು ಪಾತ್ರೆಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ. ಅಂಥ ಮಗುವನ್ನು ಇನ್ನೂ ಅಪರಿಚಿತವಾದ ಭಾಷೆಯ ತರಗತಿಯಲ್ಲಿ ಕೂರಿಸಿದರೆ ಹೆದರಿಕೆ ಒಂದಿದ್ದದ್ದು ಎರಡಾಗುತ್ತದೆ.

ನಮ್ಮ ಮಕ್ಕಳು ಹೊಸದನ್ನು ಗೆದ್ದವರೇ ಅಲ್ಲವೇ? ನನ್ನ ತರಗತಿಯ ಹೆಚ್ಚಿನ ಮಕ್ಕಳ ಮನೆಮಾತು ಪುಸ್ತಕದ ಕನ್ನಡವಲ್ಲ. ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು. ಜೂನ್‌ನಲ್ಲಿ ‘ಎಂಕ್ ಗೊತ್ತುಜ್ಜಿ’ ಎನ್ನುತ್ತಿದ್ದ ಮಗು ಓಣಂ ರಜೆ ಬರುವಷ್ಟರಲ್ಲಿ ‘ನನಗೆ ಗೊತ್ತಿಲ್ಲ ಟೀಚರ್’ ಎನ್ನುತ್ತದೆ. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ, ತುಳುವಿನಲ್ಲಿ ಹೇಳಿದ್ದೂ ಟೀಚರಿಗೆ ಅರ್ಥವಾಯಿತು. ಹಾಗಾಗಿ ದಾಟಿತು. ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆ–ಜತ್ತದಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು ಕೇಳುತ್ತಾ ಕನ್ನಡ ಶಾಲೆಗೆ ಹೋಗುವ ಮಕ್ಕಳೂ ದಿನಾ ಇಂಥದ್ದೇ ಹೊಸ್ತಿಲು ದಾಟುತ್ತಾರೆ. ಅವರನ್ನು ಪುಕ್ಕಲರೆಂದು ಕರೆಯಲು ನಮಗೆ ಹೇಗೆ ಮನಸ್ಸು ಬರುತ್ತದೆ?

ಹಾಗಾದರೆ ಹೆದರಿಕೆ ಗಟ್ಟಿಯಾಗುವುದು ಎಲ್ಲಿ? ನಾನು ಆಸ್ಪತ್ರೆಯಲ್ಲಿ ಮಾಡಿದೆನಲ್ಲ, ಅಂಥಲ್ಲಿ. ಮಗುವಿನ ಉತ್ತರವನ್ನು ನಾವು ಹೇಳಿದಾಗ ಮಗುವಿಗೆ ಎರಡು ಸಂಗತಿ ತಿಳಿಯುತ್ತದೆ. ಒಂದು, ಇಲ್ಲಿ ಏನೋ ಅಪಾಯವಿದೆ, ಅದಕ್ಕೇ ಅಮ್ಮ ಅಡ್ಡ ಬಂದಳು. ಎರಡು, ನನ್ನಿಂದ ಆಗುವುದಿಲ್ಲವೆಂದು ಅಮ್ಮನಿಗೂ ಗೊತ್ತು. ಪ್ರೀತಿಯಿಂದಲೇ ನಾವು ಇದನ್ನು ಕಲಿಸುತ್ತೇವೆ. ಇದರ ಎದುರು ತುದಿಯ ತಪ್ಪೂ ಇದೆ. ‘ಗಂಡು ಹುಡುಗ ಹೆದರುವುದಾ?’ ಎಂದು ಹತ್ತು ಜನರ ಎದುರು ಹೀಯಾಳಿಸುವುದು, ಅಳುವ ಮಗುವನ್ನು ಎಳೆದು ವೇದಿಕೆಗೆ ಹತ್ತಿಸುವುದು. ಆ ದಿನ ಮಗು ಹತ್ತೀತು. ಮುಂದಿನ ವರ್ಷ ಕಲೋತ್ಸವ ಬಂತೆಂದರೆ ಹೊಟ್ಟೆನೋವು ಶುರುವಾಗುತ್ತದೆ.

ಇವೆರಡರ ನಡುವಿನ ದಾರಿಯನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ಹಳೆಯ ಮೇಳಗಳಲ್ಲಿ ಹುಡುಗ ಮೊದಲ ದಿನವೇ ಕಿರೀಟ ಕಟ್ಟುತ್ತಿರಲಿಲ್ಲ. ಪೂರ್ವರಂಗದ ಕೋಡಂಗಿ ವೇಷ ಅವನಿಗೆ. ಮಾತಿಲ್ಲ, ಕುಣಿತ ಮಾತ್ರ. ಸಭೆಯಲ್ಲಿ ಜನ ಇನ್ನೂ ಸೇರುತ್ತಿರುವ ಹೊತ್ತು. ತಪ್ಪಿದರೂ ದೊಡ್ಡ ನಷ್ಟವಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಹುಡುಗನೂ ಇದ್ದಾನೆ. ಅದು ಪಳಗಿದ ಮೇಲೆ ಬಾಲಗೋಪಾಲ, ಮುಂದೆ ನಾಲ್ಕು ಮಾತಿರುವ ಸಣ್ಣ ವೇಷ, ವರ್ಷಗಳ ಬಳಿಕ ದೊಡ್ಡ ವೇಷ. ಉಳಿದ ಹೊತ್ತು ಚೌಕಿಯಲ್ಲೂ ರಂಗಸ್ಥಳದ ಬದಿಯಲ್ಲೂ ಕುಳಿತು ಹಿರಿಯರನ್ನು ನೋಡುವುದು. ಸಭಾಕಂಪನ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು.

ಮನಃಶಾಸ್ತ್ರವೂ ಇದನ್ನೇ ಹೇಳುತ್ತದೆ. ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಸಂಶೋಧಕಿ 1924ರಲ್ಲಿ ಪೀಟರ್ ಎಂಬ ಪುಟ್ಟ ಹುಡುಗನ ವಿಷಯ ಪ್ರಕಟಿಸಿದರು. ಮೂರು ವರ್ಷವೂ ತುಂಬದ ಅವನಿಗೆ ಮೊಲವೆಂದರೆ ಭಯ. ಮೊದಲು ಮೊಲಕ್ಕೆ ಹೆದರದ ಮಕ್ಕಳ ಜತೆ ಅವನನ್ನು ಆಡಲು ಬಿಟ್ಟರು. ಆಮೇಲೆ ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನಕಳೆದಂತೆ ಹತ್ತಿರ ತಂದರು. ಕೊನೆಗೆ ಹುಡುಗನೇ ಮೊಲವನ್ನು ಮುದ್ದಿಸಿದ. ನಡುವೆ ಅವನಿಗೆ ಜ್ವರ ಬಂದು ಎರಡು ತಿಂಗಳು ಬಿಟ್ಟುಹೋಯಿತು. ಆಸ್ಪತ್ರೆಯಿಂದ ಬರುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿದ್ದರಿಂದ ಹಳೆಯ ಹೆದರಿಕೆ ಪೂರ್ತಿ ಮರಳಿತು. ಯಾರೂ ಕೈಚೆಲ್ಲಲಿಲ್ಲ, ಮತ್ತೆ ಮೊದಲಿನಿಂದ ಆರಂಭಿಸಿದರು. ಏಪ್ರಿಲ್–ಮೇ ರಜೆ ಮುಗಿದು ಜೂನ್‌ನಲ್ಲಿ ಮಗು ಮತ್ತೆ ಗೇಟಿನ ಬಳಿ ಅತ್ತಾಗ ‘ಕಲಿತದ್ದೆಲ್ಲ ಮರೆತುಹೋಯಿತು’ ಎಂದು ಗಾಬರಿಯಾಗುವ ನಾವು ಇದನ್ನು ನೆನಪಿಡಬೇಕು.

ಮನೆಯಲ್ಲಿ ಮಾಡಬಹುದಾದದ್ದು ಸಣ್ಣ ಸಣ್ಣ ಕೆಲಸಗಳು. ಹೊಸ ಜಾಗಕ್ಕೆ ಹೋಗುವ ಮುನ್ನ ಅಲ್ಲಿ ಏನೇನು ನಡೆಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಚುಚ್ಚುಮದ್ದು ನೋಯುವುದೇ ಇಲ್ಲವೆಂದು ಸುಳ್ಳು ಹೇಳಿದರೆ ಮುಂದಿನ ಮಾತನ್ನೂ ಮಗು ನಂಬುವುದಿಲ್ಲ. ಮನೆಯಲ್ಲಿ ಅಂಗಡಿ ಆಟ ಆಡಿ, ನೀವು ಮಲಯಾಳದ ಅಂಗಡಿಯವರಾಗಿ, ಮಗು ಗಿರಾಕಿಯಾಗಲಿ. ನಿಜವಾದ ಅಂಗಡಿಯಲ್ಲಿ ಮೊದಲ ದಿನ ದುಡ್ಡು ಕೊಡುವುದಷ್ಟೇ ಮಗುವಿನ ಕೆಲಸ. ಇನ್ನೊಂದು ದಿನ ‘ಒಂದು ಪೆನ್ಸಿಲ್’ ಎನ್ನಲಿ. ಯಾರಾದರೂ ಪ್ರಶ್ನೆ ಕೇಳಿದರೆ ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸಿ, ಬಾಯಿ ಮುಚ್ಚಿಕೊಂಡಿರಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ಮಗು ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಹೇಳಿದರೆ ಅಲ್ಲೇ ತಿದ್ದಬೇಡಿ. ‘ಇವನಿಗೆ ನಾಚಿಕೆ’ ಎಂದು ಮಗುವಿನ ಎದುರೇ ಪರಿಚಯಿಸಬೇಡಿ. ಬೇಕಿದ್ದರೆ ‘ಅವನಿಗೆ ಸ್ವಲ್ಪ ಹೊತ್ತು ಬೇಕು’ ಎನ್ನಿ.

ಕಲೋತ್ಸವದ ವಿಷಯದಲ್ಲೂ ಅಷ್ಟೆ. ಉಪಜಿಲ್ಲೆಯಲ್ಲಿ ಎ ಗ್ರೇಡ್ ಸಿಗಲಿಲ್ಲವೆಂದು ದೊಡ್ಡವರು ಮುಖ ಊದಿಸಿದರೆ, ವೇದಿಕೆ ಹತ್ತಿದ್ದೇ ತಪ್ಪಾಯಿತು ಎಂದು ಮಗು ಕಲಿಯುತ್ತದೆ. ಹೆದರುವ ಮಗು ಹೆದರುತ್ತಲೇ ವೇದಿಕೆಯ ಮೇಲೆ ನಿಂತು ಎರಡು ಸಾಲು ಹೇಳಿ ಇಳಿದರೆ, ಮೆಚ್ಚಬೇಕಾದದ್ದು ಆ ಎರಡು ಸಾಲನ್ನು.

ಗಡಿನಾಡಿನ ನಮಗೆ ಇನ್ನೊಂದು ಎಚ್ಚರವೂ ಬೇಕು. 1956ರ ರಾಜ್ಯ ಪುನರ್ವಿಂಗಡನೆಯಿಂದ ಇಂದಿನವರೆಗೆ ನಮಗೆ ದೂರುಗಳಿವೆ, ಅವು ನ್ಯಾಯವಾದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದರೆ, ‘ಹೆದರಿಕೆಯಾಗುತ್ತದೆ’ ಎಂದು ಹೇಳಿಕೊಳ್ಳಲೂ ಆರು ವರ್ಷದ ಮಗುವಿಗೆ ದಾರಿಯಿಲ್ಲ. ಇದರ ವಿರುದ್ಧ ನಾವು ಅರ್ಜಿ ಕೊಡಲೇಬೇಕು, ಧರಣಿ ಕೂರಲೇಬೇಕು. ಆದರೆ ಆ ಹೋರಾಟ ದೊಡ್ಡವರದು. ರಾತ್ರಿ ಊಟದ ಹೊತ್ತಿನಲ್ಲಿ ‘ಅವರ ಭಾಷೆ, ಅವರ ಜನ’ ಎಂದು ನಾವು ಸಿಟ್ಟಿನಿಂದ ಆಡುವ ಮಾತು ಮಗುವಿನ ಕಿವಿಯಲ್ಲಿ ಉಳಿದು, ಮರುದಿನ ಬಸ್ಸಿನ ಕಂಡಕ್ಟರ್ ಕಂಡಾಗ ಹೆದರಿಕೆಯಾಗುತ್ತದೆ. ಕನ್ನಡ ನಮ್ಮ ಮಕ್ಕಳು ಕಾಲೂರಿ ನಿಲ್ಲುವ ನೆಲ. ಅಲ್ಲಿ ನಿಂತು ಮಲಯಾಳಕ್ಕೋ ಇಂಗ್ಲಿಷಿಗೋ ಕೈ ಚಾಚಲು ಅವರು ಹೆದರಬಾರದು.

ಎಲ್ಲ ಹೆದರಿಕೆಯೂ ಮನೆಮದ್ದಿಗೆ ಬಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಭಾಷೆಯ ತರಗತಿಗೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಸುಮ್ಮನೆ ಕೇಳುತ್ತಾ ಕೂರುವುದು ಸಹಜ. ಆದರೆ ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು, ಗೊತ್ತಿರುವ ಭಾಷೆಯಲ್ಲೂ ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ, ಹೆದರಿಕೆಯಿಂದ ಊಟ ನಿದ್ದೆ ಕೆಟ್ಟರೆ, ಟೀಚರ ಬಳಿ ಮಾತಾಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಅದರಲ್ಲಿ ಅವಮಾನವೇನೂ ಇಲ್ಲ.

ಮಗಳನ್ನು ಮೊನ್ನೆ ಮತ್ತೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿಯ ಹುಡುಗಿ ಹೆಸರು ಕೇಳಿದಳು. ನಾನು ಎಣಿಸತೊಡಗಿದೆ. ಏಳಕ್ಕೆ ಬರುವಾಗ ಮಗಳು ಹೆಸರು ಹೇಳಿದಳು, ಬಹಳ ಮೆಲ್ಲಗೆ. ಯಾವ ತರಗತಿ ಎಂಬ ಪ್ರಶ್ನೆಗೆ ಬಾಯಿ ಬಿಡಲಿಲ್ಲ, ಬೆರಳಲ್ಲಿ ತೋರಿಸಿದಳು. ಸದ್ಯಕ್ಕೆ ಅಷ್ಟು ಸಾಕು.