‘ಇನ್ನೆಷ್ಟು ದೂರ?’ ಎಂದು ಕೇಳಬೇಡಿ

ಬೆಟ್ಟ ಹತ್ತುವವರು ಎದುರಿನಿಂದ ಇಳಿದು ಬರುವವರನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಅಣ್ಣಾ, ಇನ್ನೆಷ್ಟು ದೂರ?’ ಉತ್ತರವೂ ಒಂದೇ: ‘ಬಂತು ಬಂತು, ಇನ್ನು ಹತ್ತೇ ನಿಮಿಷ.’ ಆ ಹತ್ತು ನಿಮಿಷ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಹೇಳಿದವರು ಸುಳ್ಳುಗಾರರೇನಲ್ಲ. ಏದುಸಿರು ಬಿಡುತ್ತ ನಿಂತವರನ್ನು ಕಂಡು ಹುಟ್ಟಿದ ಕನಿಕರ ಒಂದು ಪಾಲು. ತಾವು ಇಳಿಯಲು ಹಿಡಿದ ಹೊತ್ತನ್ನೇ ಹತ್ತುವ ಹೊತ್ತೆಂದು ಎಣಿಸುವುದು ಇನ್ನೊಂದು ಪಾಲು. ಆದರೆ ಒಂದೇ ದಿನದಲ್ಲಿ ಹತ್ತಿ ಇಳಿಯಬೇಕಾದ ಎತ್ತರದ ಬೆಟ್ಟದಲ್ಲಿ ಈ ಕನಿಕರವೇ ಅಪಾಯಕ್ಕೆ ದಾರಿಯಾದೀತು.

ನಮ್ಮ ಕುಮಾರ ಪರ್ವತವನ್ನೇ ತೆಗೆದುಕೊಳ್ಳೋಣ. ಪುಷ್ಪಗಿರಿ ವನ್ಯಧಾಮದಲ್ಲಿರುವ ಈ ಶಿಖರದ ಎತ್ತರ 1,712 ಮೀಟರ್. ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು, ನಿಜ. ಆದರೆ ಅಲ್ಲಿ ಹೆಚ್ಚಿನ ಏರನ್ನು ವಾಹನವೇ ಏರಿಸಿಬಿಡುತ್ತದೆ. ಇಲ್ಲಿ ಹಾಗಿಲ್ಲ. ಹಾದಿ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಸುಮಾರು 13 ಕಿ.ಮೀ. ದಾರಿಯಲ್ಲಿ ಹತ್ತಿರ ಹತ್ತಿರ 1,600 ಮೀಟರನ್ನು ಕಾಲುಗಳೇ ಏರಬೇಕು.

ಇದಕ್ಕೆ ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಈ ಲೆಕ್ಕದಲ್ಲಿ ಐದೂಕಾಲು ಗಂಟೆಯಾಗುತ್ತದೆ. ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದಾಗಿನ ಮಾತು. ವಿಶ್ರಾಂತಿಗೆಂದು ಒಂದು ಗಂಟೆ ಸೇರಿಸಿದರೆ, ಬೆಳಿಗ್ಗೆ ಆರಕ್ಕೆ ಹೊರಟವರು ತುದಿ ಮುಟ್ಟುವಾಗ ಹನ್ನೆರಡೂಕಾಲು. ಇಳಿಯಲು ನಾಲ್ಕೂವರೆ ಗಂಟೆಯಾದರೂ ಬೇಕು. ಮಧ್ಯಾಹ್ನ ಒಂದಕ್ಕೆ ಹಿಂದಿರುಗಿದರೆ ಐದೂವರೆಗೆ ಕೆಳಗೆ. ಚಳಿಗಾಲದಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಅಲ್ಲದೆ ಭಟ್ಟರ ಮನೆಯಿಂದ ಕೆಳಗಿನ ದಾರಿ ದಟ್ಟ ಕಾಡಿನೊಳಗೆ ಹೋಗುತ್ತದೆ. ಬಯಲಿನಲ್ಲಿ ಬೆಳಕಿರುವಾಗಲೇ ಮರಗಳಡಿಯಲ್ಲಿ ಮಬ್ಬು ಕವಿಯುತ್ತದೆ.

ಇನ್ನು ಶರೀರದ ಲೆಕ್ಕ. ಚೀಲವೂ ಸೇರಿ 65 ಕಿಲೋ ತೂಗುವವರು 1,600 ಮೀಟರ್ ಏರಿದಾಗ ಗುರುತ್ವದ ವಿರುದ್ಧ ಮಾಡುವ ಕೆಲಸ ಸುಮಾರು 10 ಲಕ್ಷ ಜೂಲ್, ಎಂದರೆ 240 ಕಿಲೊಕ್ಯಾಲೊರಿ. ಇಷ್ಟೇನಾ ಎನ್ನಬೇಡಿ. ನಮ್ಮ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಕೆಲಸವಾಗುತ್ತದೆ. ಮುಕ್ಕಾಲು ಭಾಗ ಬಿಸಿಯಾಗುತ್ತದೆ. ಆ ಬಿಸಿಯನ್ನೆಲ್ಲ ಬೆವರೇ ಹೊರಹಾಕಬೇಕಾದರೆ, ಏರಿನ ಬಾಬತ್ತಿಗೇ ಒಂದೂಕಾಲು ಲೀಟರ್ ನೀರು ಆವಿಯಾಗಬೇಕು. ತೊಟ್ಟಿಕ್ಕಿ ನೆಲ ಸೇರುವ ಬೆವರು ತಂಪು ಕೊಡುವುದಿಲ್ಲ, ಆದ್ದರಿಂದ ನಿಜವಾದ ಖರ್ಚು ಇನ್ನೂ ಹೆಚ್ಚು. ಒಂದು ಬಾಟಲಿ ಹಿಡಿದು ಹೊರಟವರು ಅರ್ಧದಾರಿಯಲ್ಲೇ ಬಾಯಿ ಒಣಗಿಸಿಕೊಳ್ಳುವುದು ಇದಕ್ಕೇ.

ಇಳಿಯುವುದು ಸುಲಭವೆಂಬುದು ಉಸಿರಿನ ಮಟ್ಟಿಗೆ ನಿಜ, ಕಾಲಿನ ಮಟ್ಟಿಗಲ್ಲ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಬಿಗಿದುಕೊಂಡೇ ಉದ್ದವಾಗುತ್ತ, ಬ್ರೇಕಿನ ಹಾಗೆ ಮೈಭಾರವನ್ನು ತಡೆಯಬೇಕು. ಈ ಬಗೆಯ ದುಡಿಮೆ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಕೊಡುತ್ತದೆ. ಮರುದಿನ, ಮೂರನೆಯ ದಿನ ಮೆಟ್ಟಿಲಿಳಿಯಲು ಪರದಾಡುವಂತಾಗುವುದು ಇದರಿಂದಲೇ. ದಣಿದ ಕಾಲು ಕಲ್ಲಿನ ಮೇಲೆ ಜಾರುವುದೂ ಇಳಿಯುವಾಗಲೇ.

ಕುಮಾರ ಪರ್ವತದಲ್ಲಿ ಇನ್ನೊಂದು ಪರೀಕ್ಷೆಯಿದೆ. ಕೆಳಗಿನಿಂದ ಬರುವವರಿಗೆ ಶೇಷ ಪರ್ವತವೇ ತುದಿಯೆಂಬಂತೆ ಕಾಣುತ್ತದೆ. ಅದನ್ನು ಮುಟ್ಟಿ ಉಸ್ಸಪ್ಪಾ ಎಂದಾಗಲೇ ತಿಳಿಯುವುದು, ನಿಜವಾದ ಶಿಖರ ಅದರಾಚೆ ಇದೆಯೆಂದು! ಒಂದು ಕಾಡಿನೊಳಕ್ಕೆ ಇಳಿದು, ಬಂಡೆಯೇರಿ ಮತ್ತೆ ಹತ್ತಬೇಕು. ಗಂಟೆ ಒಂದೂಕಾಲು. ಅಲ್ಲಿ ನಾಲ್ವರು ಹುಡುಗರು ಕೂತಿದ್ದಾರೆ, ಆಚೆಯಿಂದ ಹಿರಿಯರೊಬ್ಬರು ಇಳಿದು ಬರುತ್ತಿದ್ದಾರೆ ಎಂದುಕೊಳ್ಳಿ. ನಡೆಯಬೇಕಾದ ಮಾತು ಹೀಗೆ:

‘ಯಜಮಾನ್ರೇ, ತುದಿಯಿಂದ ಎಷ್ಟು ಗಂಟೆಗೆ ಹೊರಟಿರಿ?’

‘ಹನ್ನೆರಡೂವರೆಗೆ ಬಿಟ್ಟೆ, ತಮ್ಮಾ. ಇಲ್ಲಿಗೆ ಮುಕ್ಕಾಲು ಗಂಟೆ ಹಿಡೀತು. ನಿಮಗೆ ಒಂದು ಗಂಟೆಯಾದರೂ ಬೇಕು. ನೀರೆಷ್ಟಿದೆ? ಟಾರ್ಚ್ ಇದೆಯಾ?’

ಈಗ ಹುಡುಗರೇ ಲೆಕ್ಕ ಹಾಕಬಲ್ಲರು. ಎರಡೂಕಾಲಿಗೆ ತುದಿ, ಮೂರಕ್ಕೆ ಮತ್ತೆ ಇಲ್ಲಿ, ಕುಕ್ಕೆ ಸೇರುವಾಗ ಏಳರ ಹತ್ತಿರ. ಕೊನೆಯ ಒಂದು ಗಂಟೆ ಕಾಡಿನ ಕತ್ತಲಲ್ಲಿ. ಇಲ್ಲಿಂದಲೇ ಹಿಂದಿರುಗುವುದು ಲೇಸು. ‘ಹತ್ತೇ ನಿಮಿಷ’ ಎಂದಿದ್ದರೆ ಅವರು ಹೋಗಿಯೇಬಿಡುತ್ತಿದ್ದರು.

2024ರ ಜನವರಿಯಲ್ಲಿ ಈ ಬೆಟ್ಟದಲ್ಲಿ ಚಾರಣಿಗರ ನೂಕುನುಗ್ಗಲಾದ ಬಳಿಕ ಸರ್ಕಾರ ಆನ್‌ಲೈನ್ ನೋಂದಣಿಯ ಕಟ್ಟುಪಾಡು ತಂದಿತು. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ, ತುದಿಯಲ್ಲಿ ಕುಕ್ಕೆಗಿಂತ ಹತ್ತು ಡಿಗ್ರಿ ಕಡಿಮೆ ಇರುತ್ತದೆ. ಗಾಳಿಗೆ ಒದ್ದೆ ಅಂಗಿ ಮೈ ಕೊರೆಯುತ್ತದೆ. ಚೀಲದಲ್ಲಿ ಒಣ ಅಂಗಿಯೊಂದಿರಲಿ.

ಕಿರುದಾರಿಯಲ್ಲಿ ಹತ್ತುವವರಿಗೆ ಇಳಿಯುವವರು ಬದಿಗೆ ಸರಿದು ದಾರಿ ಬಿಡುವುದು ಚಾರಣಿಗರ ಹಳೆಯ ಮರ್ಯಾದೆ. ಹಾಗೆ ನಿಂತ ಅರ್ಧ ನಿಮಿಷದಲ್ಲಿ ಕೇಳಬೇಕಾದ್ದು ಮೂರೇ: ಎಷ್ಟು ಗಂಟೆಗೆ ಹೊರಟಿರಿ, ನೀರು ಎಲ್ಲಿ ಸಿಕ್ಕಿತು, ದಾರಿ ಎಲ್ಲಿ ಜಾರುತ್ತದೆ. ಇಳಿದು ಬರುವವರೂ ಅಷ್ಟೇ, ಬಾಯಿಗೆ ಬಂದ ‘ಹತ್ತು ನಿಮಿಷ’ವನ್ನು ನುಂಗಿಕೊಂಡು, ಕೈಗಡಿಯಾರ ನೋಡಿ ಉತ್ತರ ಹೇಳಲಿ.