ಕುರ್ಚಿಯ ಮೇಲಿನ ಹಲಗೆ ಯಾರ ಮಗುವಿಗೆ?

ಮಗುವಿನ ಮೊದಲ ಕ್ಷೌರಕ್ಕೆ ಮನೆಯವರು ಮಾಡಿಕೊಳ್ಳುವ ತಯಾರಿ ಒಂದೆರಡಲ್ಲ. ಹುಟ್ಟುಗೂದಲನ್ನು ವರ್ಷಕ್ಕೇ ತೆಗೆಸೋದೋ, ಮೂರಕ್ಕೋ ಎಂದು ಮಾತಾಗುತ್ತದೆ. ಹರಕೆ ಹೊತ್ತವರು ಮುಡಿ ಕೊಡಲು ಮಾದಪ್ಪನ ಬೆಟ್ಟ ಹತ್ತುತ್ತಾರೆ. ಬೆಟ್ಟಕ್ಕೆ ಹೋಗದವರು ಊರಲ್ಲೇ ಜವಳ ಮಾಡಿ ಮುಗಿಸುತ್ತಾರೆ. ಸೋದರಮಾವನಿಗೆ ಹೇಳಿ ಕಳಿಸುತ್ತಾರೆ, ಕೂಸು ಅವನ ತೊಡೆಯ ಮೇಲೆ ಕೂರಬೇಕು. ಕೂಸು ಕತ್ತರಿಗೆ ಹೆದರದಿರಲೆಂದು ತಾಯಿ ಎಂಟು ದಿನ ಮುಂಚಿನಿಂದಲೇ ಕೊರಳಿಗೆ ಟವಲು ಸುತ್ತಿ, ಕನ್ನಡಿ ಮುಂದೆ ಕೂರಿಸಿ, ಕಿವಿಯ ಹತ್ತಿರ ಬೆರಳಾಡಿಸಿ 'ಕಚ್ ಕಚ್' ಆಟ ಆಡಿಸುತ್ತಾಳೆ. ಅತ್ತರೆ ಕೊಡಲಿಕ್ಕೆ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಳ್ಳುತ್ತಾಳೆ. ಅಂಗಡಿಯವನದೂ ಒಂದು ತಯಾರಿ ಉಂಟು. ದೊಡ್ಡವರ ಕುರ್ಚಿ ಮಗುವಿಗೆ ತಗ್ಗಾಗುತ್ತದೆ. ಅದಕ್ಕೆ ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಅಡ್ಡ ಹಾಕಿ, ಅದರ ಮೇಲೆ ಮಗುವನ್ನು ಕೂರಿಸುತ್ತಾನೆ.

ಇದು ಊರಿನ ಮಾತಾಯಿತು. ಕೇರಿಯ ಮಾತೇನು?

ನಮಗೂ ಮಕ್ಕಳಿವೆ. ಅವಕ್ಕೂ ಕತ್ತರಿಯ ಸದ್ದು ಕೇಳಿದರೆ ಅಳು ಬರುತ್ತದೆ. ನಮ್ಮ ತಾಯಂದಿರೂ ಟವಲು ಸುತ್ತಿ ಆಟ ಆಡಿಸುತ್ತಾರೆ, ಬೆಲ್ಲ ಕಟ್ಟಿಕೊಳ್ಳುತ್ತಾರೆ. ಆದರೆ ಅವರು ಇನ್ನೊಂದು ಪಾಠವನ್ನೂ ಹೇಳಿಕೊಡಬೇಕು: "ಆ ಅಂಗ್ಡಿ ಮೆಟ್ಲು ಹತ್ಬ್ಯಾಡ ಮಗ. ಅದು ನಮ್ಗಲ್ಲ." ಮಾತು ಕಲಿಯುವ ಮೊದಲೇ ನಮ್ಮ ಮಗು ಮೆಟ್ಟಿಲು ಇಳಿಯುವುದನ್ನು ಕಲಿಯಬೇಕು. ಈ ತಯಾರಿಯನ್ನು ನಾವು ಇನ್ನು ಮೇಲೆ ಮಾಡುವುದಿಲ್ಲ ಎಂದು ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಕೇರಿಯ ಒಂದು ಮಗುವನ್ನು ಮೊದಲ ಕ್ಷೌರಕ್ಕೆ ಕರೆದುಕೊಂಡು ನಾವು ನಾಕು ಜನ ಊರ ಅಂಗಡಿಗೆ ಹೋದೆವು. ಜೊತೆಗೆ ಮಗುವಿನ ಸೋದರಮಾವ, ಆರು ವರ್ಷದ ಅಕ್ಕ. ಅಂಗಡಿಯವನು ಕುರ್ಚಿ ಒರೆಸುತ್ತಿದ್ದವನು ನಮ್ಮನ್ನು ಕಂಡು ಹೊರಗೆ ಬಂದ. ಗದರಿಸಲಿಲ್ಲ, ಬೈಯಲಿಲ್ಲ. ದನಿ ತಗ್ಗಿಸಿ ಹೇಳಿದ: "ನಿಮ್ ದುಡ್ಡೇನು ದುಡ್ಡಲ್ವೇನಣ್ಣ? ಆದ್ರೆ ಈ ಕೂಸಿನ್ ತಲೆ ಮುಟ್ಟುದ್ರೆ ನಾಳಿಂದ ಊರೋರು ಒಬ್ರೂ ಬರಾಕಿಲ್ಲ. ನನ್ ಮಕ್ಳೂ ಉಣ್ಬೇಕಲ್ಲ?" ಎದುರು ಜಗಲಿಯ ಮೇಲೆ ಕೂತಿದ್ದವರು ಬೀಡಿ ಸೇದುತ್ತಾ ನೋಡುತ್ತಿದ್ದರು. ಅವರು ಬಾಯಿ ಬಿಡಬೇಕಾದ ಅಗತ್ಯವೇ ಇರಲಿಲ್ಲ.

ಸೋದರಮಾವ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದ. ಅಕ್ಕ ಕೇಳಿದಳು: "ಮಾವಾ, ಅಂಗ್ಡಿ ಇಲ್ಲೇ ಐತಲ್ಲ, ಬಸ್ಸ್ಯಾಕೆ?" ನಾವು ಓದಿದವರು, ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವವರು, ಆ ಹುಡುಗಿಗೆ ಉತ್ತರ ಕೊಡಲಾಗದೆ ಕಿಟಕಿಯ ಕಡೆ ಮುಖ ಮಾಡಿದೆವು. ಪೇಟೆಯ ಅಂಗಡಿಯಲ್ಲಿ ಯಾರೂ ಜಾತಿ ಕೇಳಲಿಲ್ಲ. ಹಲಗೆ ಹಾಕಿದರು. ಮಗು ಅತ್ತಿತು, ಬೆಲ್ಲ ತಿಂದಿತು, ಕನ್ನಡಿಯಲ್ಲಿ ತನ್ನ ಬೋಡು ತಲೆ ನೋಡಿ ನಕ್ಕಿತು. ಅದೇ ತಲೆ, ಅದೇ ಕೂದಲು. ಒಂದು ಗಂಟೆಯ ದಾರಿಯಲ್ಲಿ ಬದಲಾದದ್ದು ಏನು? ಎರಡು ಕಡೆಯ ಬಸ್ ಚಾರ್ಜು ಹೋಯಿತು, ಒಂದು ದಿನದ ಕೂಲಿ ಹೋಯಿತು. ಕೇರಿಯವರು ತಲೆಗೂದಲು ತೆಗೆಸಿದಾಗಲೆಲ್ಲ ಕಟ್ಟುವ ಜಾತಿ ತೆರಿಗೆ ಇದು. ಇದಕ್ಕೆ ರಸೀತಿ ಇಲ್ಲ.

ಬಾಬಾಸಾಹೇಬರ ಬಾಲ್ಯವನ್ನು ನೆನೆಯಿರಿ. ಸಾತಾರದಲ್ಲಿ ಅವರಿಗೂ ಅವರ ಅಣ್ಣಂದಿರಿಗೂ ತಲೆಗೂದಲು ಕತ್ತರಿಸುತ್ತಿದ್ದವರು ಅವರ ಅಕ್ಕ. ಸಾತಾರದಲ್ಲಿ ಕ್ಷೌರಿಕರಿರಲಿಲ್ಲವೆಂದಲ್ಲ, ಮನೆಯಲ್ಲಿ ಕೊಡಲು ಕಾಸಿರಲಿಲ್ಲವೆಂದೂ ಅಲ್ಲ. ಅಸ್ಪೃಶ್ಯನ ತಲೆ ಮುಟ್ಟಲು ಒಪ್ಪುವ ಕ್ಷೌರಿಕ ಒಬ್ಬನೂ ಇರಲಿಲ್ಲ. ಮಾಡಿ ಮಾಡಿ ಆ ಅಕ್ಕನ ಕೈ ಪಳಗಿತ್ತು ಎಂದು ಅವರೇ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಬರೆದಿದ್ದಾರೆ. ಮುಂದೆ ಈ ದೇಶದ ಸಂವಿಧಾನ ಬರೆದ ತಲೆಗೆ ಊರಿನ ಕತ್ತರಿ ಸಿಕ್ಕಲಿಲ್ಲ! ಇವತ್ತು ಊರೂರಿನಲ್ಲೂ ಅವರ ಪ್ರತಿಮೆಗೆ ಹಾರ ಹಾಕುತ್ತಾರೆ. ಅದೇ ಊರಿನ ಅಂಗಡಿಯಲ್ಲಿ ಅವರ ಕೇರಿಯ ಮಗುವಿಗೆ ಹಲಗೆ ಹಾಕುವುದಿಲ್ಲ.

ಮೈಲಿಗೆ ಕೂದಲಿನಲ್ಲಿದೆ ಅನ್ನುತ್ತಾರೆಯೇ? ಹಾಗಿದ್ದರೆ ತಿರುಪತಿಗೆ ಹೋಗಿ ನೋಡಲಿ. ಅಲ್ಲಿ ಕೊಟ್ಟ ಮುಡಿಯೆಲ್ಲ ಒಟ್ಟಾಗಿ ಹರಾಜಾಗುತ್ತದೆ, ಕೋಟಿಗಟ್ಟಲೆ ಹಣ ತರುತ್ತದೆ, ಕಡಲಾಚೆಗೆ ಹೋಗಿ ಟೋಪನ್ ಆಗುತ್ತದೆ. ಆ ರಾಶಿಯಲ್ಲಿ ಹೊಲೆಯರ ಕೂದಲು ಯಾವುದು, ಗೌಡರ ಕೂದಲು ಯಾವುದು ಎಂದು ಆರಿಸಿದವರುಂಟೆ? ಮಾರುವಾಗ ಇಲ್ಲದ ಮೈಲಿಗೆ ಕತ್ತರಿಸುವಾಗ ಎಲ್ಲಿಂದ ಬರುತ್ತದೆ?

ಗೆಳೆಯರೇ, ಇಲ್ಲೊಂದು ಎಚ್ಚರದ ಮಾತು ಹೇಳಬೇಕು. ಬಾಗಿಲಲ್ಲಿ ನಿಂತು ಇಲ್ಲ ಎಂದವನು ಕ್ಷೌರಿಕ. ಆದರೆ ಆ 'ಇಲ್ಲ' ಅವನದಲ್ಲ. ತಲೆತಲಾಂತರದಿಂದ ಸುಗ್ಗಿಯ ಕಣದಲ್ಲಿ ಗೌಡರು ಅಳೆದು ಹಾಕುವ ಆಯಕ್ಕೆ ಕೈಯೊಡ್ಡಿ ನಿಂತವನು ಅವನು. ಅವನ ಕಸುಬಿನ ಹೆಸರನ್ನೇ ಊರು ಬೈಗುಳ ಮಾಡಿಕೊಂಡಿದೆ. ಬೆಳಗಾಗೆದ್ದು ಅವನ ಮುಖ ನೋಡಿದರೆ ಅಪಶಕುನ ಅನ್ನುವ ಜನವೇ ಅದೇ ಮುಖದ ಮುಂದೆ ಕತ್ತು ಚಾಚಿ ಕೂರುತ್ತದೆ. ಬಸವಣ್ಣನ ಜೊತೆ ನಿಂತ ಹಡಪದ ಅಪ್ಪಣ್ಣನನ್ನು ತಮ್ಮ ಹಿರಿಯನೆಂದು ನೆನೆಯುವ ಸಮುದಾಯ ಅದು. ಮುಂಬಯಿಯಲ್ಲಿ 1890ರಲ್ಲಿ ಸತ್ಯಶೋಧಕ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳ್ತನದಲ್ಲಿ ಕ್ಷೌರಿಕರು ಒಟ್ಟಾಗಿ, ಬ್ರಾಹ್ಮಣ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿಂತರು. ಅದೂ ಒಂದು 'ಇಲ್ಲ'. ಕ್ಷೌರಿಕ ತನ್ನ ಸ್ವಂತ ಬಾಯಿಂದ ಹೇಳಿದ 'ಇಲ್ಲ' ಹೇಗಿರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಅವನು 'ಹೂಂ' ಎಂದರೆ ಊರು ಏನು ಮಾಡುತ್ತದೆ? 2020ರ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯಲ್ಲಿ ದಲಿತರ ಕ್ಷೌರ ಮಾಡಿದ ಕ್ಷೌರಿಕನೊಬ್ಬನಿಗೆ 50,000 ರೂಪಾಯಿ ದಂಡ, ಮನೆಯವರಿಗೆಲ್ಲ ಬಹಿಷ್ಕಾರ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆ ಹೋದ ದಲಿತ ಯುವಕ ಜಗಳದಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. ಒಂದು ಕಡೆ ದುಡಿಯುವ ಕೈಗೆ ದಂಡ, ಇನ್ನೊಂದು ಕಡೆ ದುಡಿಯುವ ಕೈಯಲ್ಲೇ ಕೊಲೆ. ಇಬ್ಬರು ಬಡವರನ್ನು ಎದುರುಬದುರು ನಿಲ್ಲಿಸಿ, ಜಗಲಿಯ ಮೇಲೆ ಕೂತು ಬೀಡಿ ಸೇದುವವರೇ ಈ ವ್ಯವಸ್ಥೆಯ ಯಜಮಾನರು.

ಕಾನೂನು ಇಲ್ಲವೆ? ಬೇಕಾದಷ್ಟಿದೆ. ಸಂವಿಧಾನದ 15ನೆಯ ವಿಧಿ ಅಂಗಡಿಗಳಲ್ಲಿ ಜಾತಿಯ ತಡೆ ಕೂಡದು ಎನ್ನುತ್ತದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ 'ಅಂಗಡಿ' ಎಂಬ ಮಾತಿನ ಬಗ್ಗೆ ಪ್ರಶ್ನೆ ಬಂದಾಗ, ಜನರಿಗೆ ಸೇವೆ ಕೊಡಲು ಕೂತ ಯಾವ ಜಾಗವಾದರೂ ಅದರಲ್ಲಿ ಸೇರುತ್ತದೆ ಎಂದು ಅಂಬೇಡ್ಕರರೇ ವಿವರಿಸಿದರು. ಅಕ್ಕನ ಕತ್ತರಿಗೆ ತಲೆಯೊಡ್ಡಿದ ಹುಡುಗ ಅದನ್ನು ಮರೆಯುವುದುಂಟೆ? 1955ರಲ್ಲಿ ಬಂದು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾದ ಕಾನೂನಿನ 6ನೆಯ ಕಲಮಿನಂತೆ, ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದವರಿಗೆ ಒಂದರಿಂದ ಆರು ತಿಂಗಳು ಜೈಲು, ಮೇಲೆ ದಂಡ. ಇದೊಂದನ್ನೇ ಹಿಡಿದರೆ ಜೈಲಿಗೆ ಹೋಗುವವನು ಕ್ಷೌರಿಕ. ಆದ್ದರಿಂದ ಮುಂದಿನ ಕಲಮುಗಳನ್ನೂ ಓದಬೇಕು. ಅಸ್ಪೃಶ್ಯತೆ ಆಚರಿಸಲು ಒಪ್ಪದವನನ್ನು ಅವನ ಸಮುದಾಯದವರು ಬಹಿಷ್ಕರಿಸಿದರೆ 7ನೆಯ ಕಲಮಿನಂತೆ ಅದೂ ಅಪರಾಧ. ಊರಿಗೆ ಊರೇ ಸೇರಿ ಇಂಥ ತಪ್ಪು ಮಾಡಿದರೆ ಸಾಮೂಹಿಕ ದಂಡ ಹಾಕುವ ಅಧಿಕಾರವನ್ನು 10ಎ ಕಲಮು ಸರ್ಕಾರಕ್ಕೆ ಕೊಟ್ಟಿದೆ. ದಲಿತರ ಮೇಲೆ ಸಾಮಾಜಿಕ ಬಹಿಷ್ಕಾರ ಹೇರುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಅಪರಾಧ ಎಂದಿದೆ. ಕ್ಷೌರಿಕನಿಗೆ ದಂಡ ಹಾಕಲು ಊರಿಗೆ ಗೊತ್ತು; ಊರಿಗೆ ದಂಡ ಹಾಕಲು ಸರ್ಕಾರಕ್ಕೆ ಯಾಕೆ ಕೈ ಬರುವುದಿಲ್ಲ?

ಕೆಲವರು ಸುಲಭದ ದಾರಿ ತೋರಿಸುತ್ತಾರೆ. "ಕೇರೀಲೇ ಒಬ್ಬ ಹುಡುಗ ಮೆಷಿನ್ ಇಟ್ಕೊಂಡು ಕಟಿಂಗ್ ಮಾಡ್ಲಿ ಬುಡಿ." ಆ ಹುಡುಗ ಕಸುಬು ಮಾಡಲಿ, ಬದುಕಲಿ. ಆದರೆ ಅವನು ಅಂಗಡಿಯನ್ನು ಊರ ನಡುವೆ ಇಡಲಿ, ಗೌಡರ ಮಗನೂ ಅಲ್ಲಿಗೆ ಬರಲಿ. ಸರ್ಕಾರವೇ ಹಳ್ಳಿಗಳಲ್ಲಿ ಕ್ಷೌರದಂಗಡಿ ತೆರೆಯಬೇಕೆಂಬ ಪ್ರಸ್ತಾಪ 2020ರಲ್ಲಿ ಸಮಾಜ ಕಲ್ಯಾಣ ಇಲಾಖೆಯಿಂದ ಬಂದಿತ್ತು. ಅಂಥ ಅಂಗಡಿಯಲ್ಲಿ ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂರುವುದಾದರೆ ಒಳ್ಳೆಯದೇ. ನಮಗೆಂದೇ ಬೇರೆ ಅಂಗಡಿಯಾದರೆ ಅದು ಹೋಟೆಲಿನ ಎರಡನೇ ಲೋಟ. ಬೇರೆ ಲೋಟವನ್ನು ಒಡೆದು ಬಂದವರು ಬೇರೆ ಕತ್ತರಿಯನ್ನು ಒಪ್ಪುವುದಿಲ್ಲ.

ಹಾಗಾದರೆ ಮಾಡುವುದೇನು? ಹಳ್ಳಿಯ ಮೇಷ್ಟ್ರುಗಳೇ, ಸೋಮವಾರ ನಿಮ್ಮ ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳಿ: ನೀವು ಕಟಿಂಗ್ ಎಲ್ಲಿ ಮಾಡಿಸಿದಿರಿ? ಯಾವ ಮಕ್ಕಳು ಊರ ಅಂಗಡಿ ಅನ್ನುತ್ತಾರೆ, ಯಾವ ಮಕ್ಕಳು ತಲೆ ತಗ್ಗಿಸುತ್ತಾರೆ ನೋಡಿ. ಆಮೇಲೆ ಆ ತಲೆ ತಗ್ಗಿಸಿದ ಮಗುವಿನ ಕೈ ಹಿಡಿದು ನೀವೇ ಅಂಗಡಿಗೆ ನಡೆಯಿರಿ. ವಿದ್ಯಾರ್ಥಿ ಗೆಳೆಯರೇ, ಊರ ಕಡೆಯ ಜಾತಿಯಲ್ಲಿ ಹುಟ್ಟಿದವರೇ, ನಮ್ಮ ಮಗುವಿಗೆ ಇಲ್ಲ ಎಂದ ಕುರ್ಚಿಯಲ್ಲಿ ನಾವೂ ಕೂರುವುದಿಲ್ಲ ಎಂದು ಒಂದು ತಿಂಗಳು ಕೂದಲು ಬಿಡಿ. ಸಂಘಟನೆಯ ಗೆಳೆಯರೇ, ದೂರು ಬರೆಯುವಾಗ ಅಂಗಡಿಯವನ ಹೆಸರೊಂದನ್ನೇ ಬರೆದು ಕೈ ತೊಳೆಯಬೇಡಿ. ಜಗಲಿಯ ಮೇಲೆ ಕೂತವರ ಹೆಸರೂ ಬರಲಿ. ಕ್ಷೌರಿಕ ಧೈರ್ಯ ಮಾಡಿ ಕತ್ತರಿ ಎತ್ತಿಕೊಂಡ ದಿನ, ಅವನ ಒಲೆ ಆರದಂತೆ ಕೇರಿಯೆಲ್ಲ ಅವನ ಅಂಗಡಿಗೆ ಹೋಗಲಿ.

ನಮ್ಮ ಮಗುವಿನ ಕೂದಲು ಮತ್ತೆ ಬೆಳೆಯುತ್ತಿದೆ. ಇನ್ನೆರಡು ತಿಂಗಳಲ್ಲಿ ಕಿವಿ ಮುಚ್ಚುತ್ತದೆ. ಈ ಸಲ ಬಸ್ಸು ಹತ್ತುವುದಿಲ್ಲ. ಆ ಅಕ್ಕನನ್ನೂ ಕರೆದುಕೊಂಡು ಊರ ಅಂಗಡಿಗೇ ಹೋಗುತ್ತೇವೆ. ಮಗು ಅಳಲಿ, ಪರವಾಗಿಲ್ಲ. ಕತ್ತರಿಗೆ ಹೆದರಿ ಎಲ್ಲ ಮಕ್ಕಳೂ ಅಳುತ್ತವೆ. ಮಗುವಿನ ತಯಾರಿ ಅಷ್ಟೇ ಸಾಕು. ಇನ್ನು ತಯಾರಾಗಬೇಕಾದದ್ದು ಊರು. ಎರಡು ತಿಂಗಳು ಟೈಮಿದೆ, ಹಲಗೆ ತೆಗೆದಿಡಲಿ.