ಹಾರುವಾಗ ನಿಲ್ಲುವ ಎಂಜಿನ್

ನೆಲದ ಮೇಲೆ ಚೆನ್ನಾಗಿ ಮೊರೆಯುತ್ತಿದ್ದ ಮಾದರಿ ವಿಮಾನದ ಗ್ಲೋ ಎಂಜಿನ್ ಮೇಲೇರಿದೊಡನೆ ಸ್ತಬ್ಧವಾಗುವುದುಂಟು. ಹಲವರು ಕೂಡಲೇ ಪ್ಲಗ್ಗನ್ನು ದೂಷಿಸುತ್ತಾರೆ. ಆದರೆ ದೋಷವು ಅನೇಕ ವೇಳೆ ಇಂಧನದ ಹಾದಿಯಲ್ಲಿರುತ್ತದೆ. ವಿಮಾನವು ಮೂತಿಯೆತ್ತಿದಾಗ ಟ್ಯಾಂಕು ಎಂಜಿನ್ನಿಗಿಂತ ಕೆಳಗಾಗಿ, ಮೆಥನಾಲಿನ ಪೂರೈಕೆ ಕುಗ್ಗುತ್ತದೆ. ಘರ್ಷಣೆ ತಗ್ಗಿಸುವ ಎಣ್ಣೆಯೂ ಅದರಲ್ಲಿಯೇ ಬೆರೆತಿರುವುದರಿಂದ ಎಂಜಿನ್ ಅತಿಯಾಗಿ ಕಾದು ನಿಲ್ಲುತ್ತದೆ.

ಪರೀಕ್ಷೆ ಸುಲಭ. ಹಾರಿಸುವ ಮುನ್ನ ಎಂಜಿನ್ ಪೂರ್ಣ ವೇಗದಲ್ಲಿರುವಾಗ, ಪ್ರೊಪೆಲ್ಲರಿನ ಹಿಂದೆ ನಿಂತು, ವಿಮಾನವನ್ನು ಭದ್ರವಾಗಿ ಹಿಡಿದು ಮೂತಿಯನ್ನು ನೆಟ್ಟಗೆ ಮೇಲಕ್ಕೆತ್ತಬೇಕು. ವೇಗ ತುಸು ಏರಿದರೆ ಲೇಸು; ಇಳಿದರೆ ಎಂಜಿನ್ ನಿಲ್ಲಿಸಿ, ಸೂಜಿ ಕವಾಟವನ್ನು ಸ್ವಲ್ಪ ತೆರೆಯತಕ್ಕದ್ದು. ಆಗಲೂ ಸರಿಹೋಗದಿದ್ದರೆ, ಟ್ಯಾಂಕಿನೊಳಗಿನ ಕೊಳವೆ ಬಿರಿದಿದೆಯೇ, ಕಂಪನದಿಂದ ಇಂಧನ ನೊರೆಯೇಳುತ್ತಿದೆಯೇ ಎಂದು ನೋಡಬೇಕು. ನೆಲದ ಮೇಲೆ ಕಳೆದ 10 ಸೆಕೆಂಡು, ತಿಂಗಳುಗಟ್ಟಲೆ ಕುಳಿತು ಕಟ್ಟಿದ ವಿಮಾನವನ್ನು ಉಳಿಸೀತು.